ಇಂಜೆಕ್ಟರು: ಕೊಳ್ಳುವ ಮುನ್ನ ಲೆಕ್ಕ

ಟರ್ಬೋ ಯಂತ್ರಕ್ಕೆ ಗಾಳಿ ಹೆಚ್ಚಿಸಿದರೆ ಪೆಟ್ರೋಲೂ ತಕ್ಕಷ್ಟು ಹೆಚ್ಚಬೇಕು. ಕಡಮೆಯಾದರೆ ಪಿಸ್ಟನ್ನೇ ಕರಗೀತು. ಆದುದರಿಂದ, ಪೆಟ್ರೋಲು ಸಿಂಪಡಿಸುವ ಇಂಜೆಕ್ಟರನ್ನು ಕೊಳ್ಳುವ ಮುನ್ನ ನಾವು ಲೆಕ್ಕ ಹಾಕೋಣ.

ಇಂಥ ಯಂತ್ರದಲ್ಲಿ ಒಂದು ಅಶ್ವಶಕ್ತಿಗೆ ನಿಮಿಷಕ್ಕೆ ಸುಮಾರು 6.3 ಸಿ.ಸಿ. ಪೆಟ್ರೋಲು ಬೇಕು. ಇಂಜೆಕ್ಟರು ಸದಾ ತೆರೆದೇ ಇರಲಾಗದು. ಅದರ ಸಾಮರ್ಥ್ಯದ ಶೇಕಡಾ 80ನ್ನು ಮಾತ್ರ ನೆಚ್ಚುವುದು ಕ್ಷೇಮ.

1993ರಲ್ಲಿ ಬಂದ ಟೊಯೋಟ ಸುಪ್ರಾ ಟರ್ಬೋವನ್ನೇ ನೋಡೋಣ. ಆರು ಸಿಲಿಂಡರಿನಿಂದ 600 ಅಶ್ವಶಕ್ತಿ ಬೇಕಾದರೆ ಒಟ್ಟು 3,780 ಸಿ.ಸಿ.; ಆರರಿಂದ ಭಾಗಿಸಿದರೆ 630; ಅದನ್ನು 0.8ರಿಂದ ಭಾಗಿಸಿದರೆ ಸುಮಾರು 790. ಅಮೆರಿಕದ ಮಾದರಿಯ 550 ಸಿ.ಸಿ. ಇಂಜೆಕ್ಟರು ಸಾಲದು; 800ರದು ಸಾಕು. ಅತಿ ದೊಡ್ಡದಾದರೆ ನಿಧಾನಗತಿಯಲ್ಲಿ ಯಂತ್ರ ತಡವರಿಸೀತು.

ಪಂಪೂ ತಕ್ಕದ್ದಿರಲಿ, ಯಂತ್ರದ ಕಂಪ್ಯೂಟರಿಗೂ ಹೊಸ ಅಳತೆಯನ್ನು ತಿಳಿಸಲು ಮರೆಯದಿರೋಣ.