ಪಾಠಶಾಲೆಯ ಮಾಡು ಮತ್ತು ಬಾಗಿಲು

ಪಾಠಶಾಲೆಯೊಂದನ್ನು ಕಟ್ಟಿಸಹೊರಟಾಗ ನಮ್ಮವರು ಮೊದಲು ವಿಚಾರಿಸುವುದು ಕೋಣೆಗಳೆಷ್ಟು, ವೆಚ್ಚವೆಷ್ಟು ಎಂಬುದನ್ನು. ಮಾಡಿನ ಮಾತು ಕಟ್ಟಕಡೆಗೆ ಬರುತ್ತದೆ. ಬಾಗಿಲಿನ ಮಾತು ಬರುವುದೇ ಇಲ್ಲ. ಪ್ರಾರಂಭೋತ್ಸವದ ಕಲ್ಲನ್ನು ಯಾವ ಗೋಡೆಗೆ ಕೂಡಿಸಬೇಕೆಂಬ ಚರ್ಚೆಗೆ ಮಾತ್ರ ಕಾಲದ ಅಭಾವವಿರುವುದಿಲ್ಲ! ಬಿಸಿಲಿನ ಸೀಮೆಯಲ್ಲಿ ಪಾಠಶಾಲೆಯೆಂದರೆ ಮೊದಲು ಮಾಡು, ಆಮೇಲೆ ಗೋಡೆ ಎಂಬುದನ್ನು ಆಫ್ರಿಕಾ ಖಂಡದ ಒಂದು ಬಡ ಗ್ರಾಮವು ತೋರಿಸಿಕೊಟ್ಟಿದೆ.

1960ರವರೆಗೆ ಫ್ರೆಂಚರ ಅಧೀನದಲ್ಲಿದ್ದ ದೇಶವು ಬುರ್ಕಿನಾ ಫಾಸೊ. ಅಲ್ಲಿಯ ಗಾಂಡೊ ಗ್ರಾಮದಲ್ಲಿ 1965ರಲ್ಲಿ ಜನಿಸಿದ ಫ್ರಾನ್ಸಿಸ್ ಕೆರೆಯವರು (ಹೆಸರು ಕನ್ನಡಿಗರ ಕಿವಿಗೆ ಹೊಸದೆನಿಸದು) ಊರಿನಲ್ಲಿ ಶಾಲೆಯಿಲ್ಲದ ಕಾರಣ ಎಳವೆಯಲ್ಲಿಯೇ ಮನೆಯನ್ನು ಬಿಟ್ಟು, ಪರಸ್ಥಳದ ಕಿಕ್ಕಿರಿದು ಕಾಯ್ದ ಕೋಣೆಯಲ್ಲಿ ಓದಬೇಕಾಯಿತು. ಮುಂದೆ ಬಡಗಿಯ ಕೆಲಸವನ್ನು ಕಲಿಯಲು ಜರ್ಮನಿಗೆ ತೆರಳಿದ ಅವರು, ಬರ್ಲಿನ್ನಿನಲ್ಲಿ ವಾಸ್ತುವಿದ್ಯೆಯ ವಿದ್ಯಾರ್ಥಿಯಾಗಿದ್ದಾಗಲೇ ಹಣವನ್ನು ಕೂಡಿಸಿ ತಮ್ಮೂರಿನ ಶಾಲೆಯ ಕೆಲಸಕ್ಕೆ ಕೈಹಾಕಿದರು. 2001ರಲ್ಲಿ ಅದು ಮುಗಿಯಿತು.

ಗೋಡೆಗೆ ಮಣ್ಣನ್ನೇ ಬಳಸುವೆನೆಂದಾಗ ಊರವರಿಗೆ ನಿರಾಶೆಯಾಯಿತು. ಜರ್ಮನಿಯಲ್ಲಿ ಓದಿದವನು ಮಳೆಗೆ ಕರಗುವ ಮನೆಯನ್ನೇ ಕಟ್ಟಬೇಕೆ ಎಂಬ ಶಂಕೆ ಸಹಜವಾದದ್ದೇ. ಉತ್ತರವು ಮಾಡಿನಲ್ಲಿತ್ತು. ಕೋಣೆಯ ಮೇಲೆ ಸಂದುಬಿಟ್ಟು ಜೋಡಿಸಿದ ಮಣ್ಣಿಟ್ಟಿಗೆಯ ಒಳಮುಚ್ಚಿಗೆ. ಅದಕ್ಕೂ ಮೇಲೆ, ತೆಳುವಾದ ಉಕ್ಕಿನ ಸರಳುಗಳ ಚೌಕಟ್ಟಿನ ಮೇಲೆ ಎತ್ತಿ ನಿಲ್ಲಿಸಿದ ಅಲೆತಗಡಿನ ಹೊದಿಕೆ. ಬಿಸಿಲನ್ನು ತಗಡು ತಾಳಿಕೊಳ್ಳುತ್ತದೆ. ಕೋಣೆಯ ಬಿಸಿಗಾಳಿಯು ಸಂದುಗಳಿಂದ ಮೇಲೇರಿ ನಡುವಣ ತೆರಪಿನಲ್ಲಿ ಹೊರಟುಹೋಗುತ್ತದೆ. ಕಿಟಕಿಗಳಿಂದ ತಂಪುಗಾಳಿಯು ಒಳಬರುತ್ತದೆ. ಹೊರಚಾಚಿದ ಅಂಚು ಮಣ್ಣಿನ ಗೋಡೆಯನ್ನು ಮಳೆಯಿಂದ ಕಾಯುತ್ತದೆ. ದೂರದಿಂದ ನೋಡುವವರಿಗೆ ಮಾಡು ಗಾಳಿಯಲ್ಲಿ ತೇಲುವಂತೆ ಕಂಡರೆ, ಆ ಚೆಲುವು ಉಪಯೋಗದಿಂದಲೇ ಹುಟ್ಟಿದ್ದು.

ಸಾಲಾಗಿರುವ ಮೂರು ಕೋಣೆಗಳ ನಡುವೆ ಅದೇ ಮಾಡಿನ ನೆರಳಿನಲ್ಲಿ ತೆರೆದ ಪಡಸಾಲೆಗಳಿವೆ. ಆಟಕ್ಕೂ ಪಾಠಕ್ಕೂ ಅವು ಒದಗುತ್ತವೆ. ಕಂಬಗಳ ಆಡಂಬರದ ಹೆಬ್ಬಾಗಿಲಿಗಿಂತ ಮಗುವಿಗೆ ಈ ನೆರಳಿನ ಸ್ವಾಗತವೇ ಮೇಲೆಂದು ನಾವು ತಿಳಿಯುತ್ತೇವೆ. ನೆಲವನ್ನು ಬಡಿದು ಗಟ್ಟಿಮಾಡಿದವರು ಊರ ಹೆಂಗಸರೇ. 2004ರಲ್ಲಿ ಈ ಕಟ್ಟಡಕ್ಕೆ ಆಗಾ ಖಾನ್ ಪ್ರಶಸ್ತಿಯೂ, 2022ರಲ್ಲಿ ಕೆರೆಯವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿಯೂ ಸಂದುವು.

ಇದೆಲ್ಲ ನಮಗೆ ತೀರ ಅಪರಿಚಿತವೇ? ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಬಳಿಕ ನಮ್ಮ ಎಷ್ಟೋ ಶಾಲೆಗಳು ಇಳಿಜಾರಾದ ಹೆಂಚಿನ ಮಾಡನ್ನೂ ಅದರಡಿಯ ಜಗಲಿಯನ್ನೂ ಪಡೆದುವು. ಹೆಂಚು ಸೋರಿತೆಂದು ತೆಗೆದು, ಮಕ್ಕಳ ತಲೆಯ ಮೇಲೆ ಬರಿಯ ತಗಡನ್ನು ಹೊದಿಸುವವರನ್ನು ಕಂಡು ನಾವು ಮರುಗುತ್ತೇವೆ. ತಗಡನ್ನು ನಾವು ದೂಷಿಸುತ್ತಿಲ್ಲ. ಗಾಂಡೊದ ಮಾಡೂ ತಗಡಿನದೇ. ಅದರ ಕೆಳಗೆ ಗಾಳಿಗೆ ದಾರಿಯುಂಟು, ಅಷ್ಟೇ. ಬೀದರಿನ ಬಿಸಿಲಿಗೂ ಆಗುಂಬೆಯ ಮಳೆಗೂ ಒಂದೇ ನಕ್ಷೆ ಸಾಕೆನ್ನುವ ಅಧಿಕಾರಿಗಳಿದ್ದರೆ, ಏಪ್ರಿಲ್ ತಿಂಗಳ ನಡುಹಗಲು ಅಂತಹ ಒಂದು ಕೋಣೆಯಲ್ಲಿ ಒಂದು ತಾಸು ಕುಳಿತು ನೋಡಲಿ.