ಗುಜರಿ ಸೇರುವ ಮಿಲ್ಲಿಂಗ್ ಮೆಷಿನ್ ಮನೆಗೆ ತರುವ ಮುನ್ನ

ಧರ್ಮಪುರಿ: ಬೆಂಗಳೂರಿನ ಪೀಣ್ಯದಲ್ಲೋ ಹೊಸೂರಿನ ಸಿಪ್‌ಕಾಟ್‌ನಲ್ಲೋ ಹತ್ತಿಪ್ಪತ್ತು ವರ್ಷ ಫಿಟ್ಟರ್, ಟರ್ನರ್ ಆಗಿ ದುಡಿದು ಊರಿಗೆ ಮರಳಿದವರಿಗೆ ಒಂದು ಆಸೆ ಇದ್ದೇ ಇರುತ್ತದೆ. ಮನೆ ಹಿಂದೆ ಶೆಡ್ಡು ಹಾಕಬೇಕು, ಒಂದು ಲೇತು ಇಡಬೇಕು. ಲೇತು ಬಂದ ಮೇಲೆ ಎರಡನೇ ಆಸೆ ಶುರು: ಒಂದು ಮಿಲ್ಲಿಂಗ್ ಮೆಷಿನ್. ಕೈ ಸುಡುವುದು ಈ ಎರಡನೆಯದರಲ್ಲೇ.

ಲೇತಿನಲ್ಲಿ ಜಾಬ್ ತಿರುಗುತ್ತದೆ, ಟೂಲ್ ನಿಂತಿರುತ್ತದೆ. ಮಿಲ್ಲಿಂಗ್‌ನಲ್ಲಿ ಕಟರ್ ತಿರುಗುತ್ತದೆ, ಜಾಬ್ ಟೇಬಲ್ ಮೇಲೆ ಕೂತು ಸರಿಯುತ್ತದೆ. ದುಂಡಗಿನದಕ್ಕೆ ಲೇತು ಸಾಕು. ಸಪಾಟು, ಗಾಡಿ, ಹಲ್ಲು ಬೇಕೆಂದರೆ ಮಿಲ್ಲಿಂಗೇ ಆಗಬೇಕು. ಪಂಪಿನ ಶಾಫ್ಟಿಗೆ ಕೀ-ವೇ, ಕಬ್ಬಿನ ಗಾಣಕ್ಕೆ ಗೇರು, ಸೇಲಂ ಕಡೆಯ ಜವ್ವರಿಸಿ ಮಿಲ್ಲುಗಳಿಗೂ ಕೃಷ್ಣಗಿರಿಯ ಮಾವಿನ ತಿರುಳಿನ ಕಾರ್ಖಾನೆಗಳಿಗೂ ತುರ್ತಾಗಿ ಬೇಕಾಗುವ ಬಿಡಿಭಾಗ, ಇದೆಲ್ಲ ಕೂಲಿ ತರುವ ಕೆಲಸ. ಸೀಸನ್ ಮಧ್ಯದಲ್ಲಿ ಗೇರು ಮುರಿದವರು ರೇಟು ಕೇಳುತ್ತಾ ನಿಲ್ಲುವುದಿಲ್ಲ.

ಹಳೇ ಮೆಷಿನ್‌ಗಳೇನೋ ಸಿಗುತ್ತವೆ. 1953ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಹುಟ್ಟಿತು. ಕೈಗಡಿಯಾರದಿಂದ ಮನೆಮಾತಾದ ಈ ಕಂಪನಿಯ ಮೂಲ ಕಸುಬು ಗಡಿಯಾರವಲ್ಲ, ಯಂತ್ರ ಮಾಡುವ ಯಂತ್ರ. 1961ರಲ್ಲಿ ಜರ್ಮನಿಯ ಫ್ರಿಟ್ಜ್ ವರ್ನರ್ ಸಹಯೋಗದಿಂದ ಬೆಂಗಳೂರಿನಲ್ಲೇ ಭಾರತ್ ಫ್ರಿಟ್ಜ್ ವರ್ನರ್ ಶುರುವಾಯಿತು. ಇವೆರಡರ ಮಿಲ್ಲಿಂಗ್ ಮೆಷಿನ್‌ಗಳು ದೊಡ್ಡ ಕಾರ್ಖಾನೆಗಳಲ್ಲಿ ದಶಕಗಟ್ಟಲೆ ಓಡಿದವು. ಆಮೇಲೆ ಕಂಪ್ಯೂಟರಿನ ಸಿಎನ್‌ಸಿ ಬಂತು, ಹ್ಯಾಂಡಲ್ ತಿರುಗಿಸುವ ಮೆಷಿನ್‌ಗಳು ಮೂಲೆ ಸೇರಿದವು. ಸರ್ಕಾರಿ ಕಾರ್ಖಾನೆಗಳ ಹಳೇ ಸರಕು ಎಂಎಸ್‌ಟಿಸಿ ಹರಾಜಿನಲ್ಲಿ ಬಿಕರಿಯಾಗುತ್ತದೆ. ಖಾಸಗಿಯವರದು ಪೀಣ್ಯದ ವ್ಯಾಪಾರಿಗಳ ಶೆಡ್ಡಿಗೆ ಬಂದು ಬೀಳುತ್ತದೆ. ಯಾರೂ ಕೇಳದಿದ್ದರೆ ಬೀಡು ಕಬ್ಬಿಣದ ತೂಕಕ್ಕೆ ಕುಲುಮೆ ಸೇರುತ್ತದೆ. ಒಳ್ಳೇ ಮೆಷಿನ್‌ಗಳೂ ಹೀಗೆ ಕರಗಿ ಹೋಗಿವೆ ಅನ್ನುವುದೇ ಬೇಜಾರಿನ ಸಂಗತಿ.

ಬಣ್ಣ ನೋಡಬೇಡಿ

ವ್ಯಾಪಾರಿ ಮೊದಲು ಮಾಡುವ ಕೆಲಸ ಹಸಿರು ಪೇಂಟು ಹೊಡೆಯುವುದು. ಅದಕ್ಕೆ ದುಡ್ಡು ಕೊಡುವವರು ಇರುವ ತನಕ ಅವನು ಹೊಡೆಯುತ್ತಲೇ ಇರುತ್ತಾನೆ. ನೋಡಬೇಕಾದ್ದು ಬೇರೆ. ಟೇಬಲ್‌ನ ಹ್ಯಾಂಡಲ್ ಹಿಡಿದು ಒಂದು ಕಡೆ ತಿರುಗಿಸಿ, ಹಾಗೇ ವಾಪಸ್ ತಿರುಗಿಸಿ. ಟೇಬಲ್ ಅಲುಗುವ ಮುಂಚೆ ಹ್ಯಾಂಡಲ್ ಎಷ್ಟು ದೂರ ಸುಮ್ಮನೆ ಓಡುತ್ತದೋ ಅಷ್ಟು ಸ್ಕ್ರೂ, ನಟ್ಟು ಸವೆದಿದೆ ಎಂದರ್ಥ. ಇದನ್ನು ಟೇಬಲ್‌ನ ಮಧ್ಯದಲ್ಲಿ ಒಮ್ಮೆ, ಎರಡೂ ತುದಿಯಲ್ಲಿ ಒಮ್ಮೊಮ್ಮೆ ನೋಡಬೇಕು. ವರ್ಷಗಟ್ಟಲೆ ಕೆಲಸ ನಡೆದದ್ದು ಮಧ್ಯದಲ್ಲೇ ಆದ್ದರಿಂದ ಅಲ್ಲಿ ಸಡಿಲ, ತುದಿಗೆ ಹೋದಂತೆ ಬಿಗಿ. ಮಧ್ಯಕ್ಕೆ ಸರಿಯಾಗಲೆಂದು ಜಿಬ್ ಬಿಗಿ ಮಾಡಿದರೆ ತುದಿಯಲ್ಲಿ ಟೇಬಲ್ ಹಿಡಿದುಕೊಳ್ಳುತ್ತದೆ. ಅಂಥದ್ದನ್ನು ಬಿಟ್ಟುಬಿಡುವುದೇ ಲೇಸು. ಕೆರೆದು ಸರಿಮಾಡುವ ಖರ್ಚು ಮೆಷಿನ್ ಬೆಲೆಯನ್ನೇ ಮುಟ್ಟಬಹುದು.

ಸ್ಪಿಂಡಲ್‌ನ ಟೇಪರ್ ಒಳಗೆ ಡಯಲ್ ಗೇಜ್ ಇಟ್ಟು ಕೈಯಿಂದ ತಿರುಗಿಸಿ ನೋಡಬೇಕು. ಕರೆಂಟು ಕೊಟ್ಟು ಎಲ್ಲಾ ಗೇರಿನಲ್ಲೂ ಓಡಿಸಬೇಕು. ಒಂದು ಗೇರು ಹಾಕಲು ವ್ಯಾಪಾರಿ ಹಿಂದೆಮುಂದೆ ನೋಡಿದರೆ ಹಲ್ಲು ಹೋಗಿರುವುದು ಅಲ್ಲೇ. ಆರ್ಬರ್, ವೈಸ್, ಡಿವೈಡಿಂಗ್ ಹೆಡ್ ಜೊತೆಗೆ ಬರುತ್ತವೆಯೇ ಎಂದು ದರ ಮಾತಾಡುವ ಮೊದಲೇ ಕೇಳಬೇಕು. ಡಿವೈಡಿಂಗ್ ಹೆಡ್ ಇಲ್ಲದೆ ಗೇರಿನ ಹಲ್ಲು ಕಡಿಯುವುದು ಕಷ್ಟ. ಸಾಮಾನ್ಯವಾಗಿ ಅದರ ಹಿಡಿಯನ್ನು 40 ಸುತ್ತು ತಿರುಗಿಸಿದರೆ ಜಾಬ್ ಒಂದು ಸುತ್ತು ಬರುತ್ತದೆ. 30 ಹಲ್ಲಿನ ಗೇರಿಗೆ ಪ್ರತಿ ಹಲ್ಲಿಗೂ ಒಂದು ಪೂರ್ತಿ ಸುತ್ತು, ಮೇಲೆ ಮೂರನೇ ಒಂದು ಭಾಗ. ಲೆಕ್ಕ ಇಷ್ಟೇ. ಆದರೆ ಆ ಪೆಟ್ಟಿಗೆಯನ್ನು ಆಮೇಲೆ ಬಿಡಿಯಾಗಿ ಕೊಳ್ಳಲು ಹೋದಾಗ ಕಣ್ಣಲ್ಲಿ ನೀರು ಬರುತ್ತದೆ.

ಗಡಿ ದಾಟಿಸುವುದು

2017ರ ಜುಲೈಗೆ ಮುಂಚೆ ಅತ್ತಿಬೆಲೆ, ಜೂಜುವಾಡಿ ಚೆಕ್‌ಪೋಸ್ಟ್‌ನಲ್ಲಿ ಲಾರಿಗಳು ಸಾಲುಗಟ್ಟುತ್ತಿದ್ದವು. ಜಿಎಸ್‌ಟಿ ಬಂದ ಮೇಲೆ ಆ ತೆರಿಗೆ ತಪಾಸಣೆ ಹೋಯಿತು, ಕಾಗದ ಹೋಗಲಿಲ್ಲ. 2018ರ ಏಪ್ರಿಲ್ 1ರಿಂದ, 50,000 ರೂಪಾಯಿ ಮೀರಿದ ಸರಕು ರಾಜ್ಯ ದಾಟಲು ಇ-ವೇ ಬಿಲ್ ಬೇಕು. 'ಬಿಲ್ ಯಾಕಣ್ಣಾ, ಸುಮ್ನೆ ತಗೊಂಡ್ಹೋಗಿ' ಎಂಬ ಮಾತಿಗೆ ಮರುಳಾದರೆ ದಾರಿಯಲ್ಲಿ ಲಾರಿ ಸಮೇತ ಮೆಷಿನ್ ನಿಲ್ಲುತ್ತದೆ, ದಂಡ ಕಟ್ಟುವ ತನಕ ಬಿಡುವುದಿಲ್ಲ.

ದೊಡ್ಡ ಮೆಷಿನ್ ಎರಡು ಟನ್ ಮೀರುತ್ತದೆ, ಭಾರವೆಲ್ಲ ಮೇಲುಗಡೆ. ನೀಯನ್ನು ಪೂರ್ತಿ ಕೆಳಗಿಳಿಸಿ, ಮರದ ದಿಮ್ಮಿ ಕೊಟ್ಟು, ನಾಲ್ಕೂ ಕಡೆ ಬಿಗಿಯದೆ ಹೊರಟರೆ ತಿರುವಿನಲ್ಲಿ ಮಗುಚುತ್ತದೆ. ಸೇಲಂ ಕಡೆ ಹೋಗುವವರಿಗೆ ತೊಪ್ಪೂರು ಘಾಟಿಯ ಇಳಿಜಾರು ಬೇರೆ ಇದೆ. ಲಾರಿಯಿಂದ ಇಳಿಸಲು ಹೈಡ್ರಾ ಕ್ರೇನ್ ಸಿಕ್ಕೀತು, ಮನೆ ಹಿಂದಿನ ಓಣಿಗೆ ಅದು ನುಗ್ಗಬೇಕಲ್ಲ! ಅಲ್ಲಿಂದ ಮುಂದೆ ಕಬ್ಬಿಣದ ಪೈಪು, ಹಾರೆ, ನಾಲ್ಕು ಜನ. ಶೆಡ್ಡಿನ ಬಾಗಿಲ ಅಗಲವನ್ನು ಮುಂಗಡ ಕೊಡುವ ಮೊದಲೇ ಅಳೆದಿಟ್ಟುಕೊಂಡವನೇ ಜಾಣ.

ಆಮೇಲೆ ಕರೆಂಟು. ಕಾರ್ಖಾನೆಯ ಮೋಟಾರು ಮೂರು ಫೇಸಿನದು, 415 ವೋಲ್ಟ್. ಮನೆಗೆ ಸಿಂಗಲ್ ಫೇಸ್ ಇದ್ದರೆ, ಸುಮಾರು 3 ಎಚ್‌ಪಿವರೆಗಿನ ಸ್ಟಾರ್ ಜೋಡಣೆಯ ಮೋಟಾರನ್ನು ಡೆಲ್ಟಾಕ್ಕೆ ಬದಲಿಸಿ ವಿಎಫ್‌ಡಿ ಎಂಬ ಪೆಟ್ಟಿಗೆಯಿಂದ ಓಡಿಸಬಹುದು. ಅದಕ್ಕಿಂತ ದೊಡ್ಡದಾದರೆ ಮೂರು ಫೇಸಿನ ಕನೆಕ್ಷನ್ನೇ ನೇರ ದಾರಿ. ಕೂಲಿಗೆ ಕೆಲಸ ಮಾಡುವುದಾದರೆ ಮನೆ ಮೀಟರಿನಲ್ಲಿ ಓಡಿಸುವಂತಿಲ್ಲ, ಬೇರೆ ದರಕ್ಕೆ ಇಬಿ ಆಫೀಸಿನಲ್ಲಿ ಅರ್ಜಿ ಹಾಕಬೇಕು.

ಹಳೇ ಮೆಷಿನ್‌ನಲ್ಲಿ ಕಟರ್ ತಿರುಗುವ ದಿಕ್ಕಿಗೇ ಟೇಬಲ್ ಓಡಿಸಬಾರದು. ಸ್ಕ್ರೂ ಸಡಿಲವಿದ್ದರೆ ಕಟರ್ ಟೇಬಲನ್ನು ಎಳೆದುಕೊಳ್ಳುತ್ತದೆ, ಆರ್ಬರ್ ಬಾಗಿ ಕಟರ್ ಚೂರಾಗುತ್ತದೆ. ಯಾವಾಗಲೂ ಎದುರು ದಿಕ್ಕಿಗೇ ಕೊಡಬೇಕು. ಚಿಪ್ಸ್ ತೆಗೆಯಲು ಬ್ರಶ್ಶು, ಅದೂ ಮೆಷಿನ್ ನಿಲ್ಲಿಸಿದ ಮೇಲೆ. ಕೈಗವಸು ಹಾಕಿಕೊಂಡರೆ ಕಟರ್ ಕೈಯನ್ನೇ ಸೆಳೆಯುತ್ತದೆ. ಮನೆಯ ಶೆಡ್ಡೇ ತಾನೇ ಎಂದು ಪಂಚೆ, ಹೆಗಲ ಮೇಲಿನ ಟವಲ್ಲು ಹಾಕಿಕೊಂಡೇ ನಿಲ್ಲುವವರಿದ್ದಾರೆ. ಮನೆಯವರು ಅವರನ್ನು ಮೊದಲು ಒಳಗೆ ಕಳಿಸಿ ಪ್ಯಾಂಟು ಹಾಕಿಸಲಿ.