ಅಣೆಕಟ್ಟೆಯ ಅಡಿ, ಹೊಲದ ಮಿಲಿಮೀಟರು

ಮುಂಗಾರು ಬಂತೆಂದರೆ ಮಂಡ್ಯ ಜಿಲ್ಲೆಯ ಕಣ್ಣೆಲ್ಲ ಒಂದೇ ಅಂಕಿಯ ಮೇಲೆ: ಕನ್ನಂಬಾಡಿಯಲ್ಲಿ ನೀರು ಎಷ್ಟು ಅಡಿ? 124.80 ಮುಟ್ಟಿದರೆ ಕಟ್ಟೆ ಭರ್ತಿ. ಶ್ರೀರಂಗಪಟ್ಟಣದ ವಿರಿಜಾ ನಾಲೆಯ ರೈತನಿಗೂ ವಿಶ್ವೇಶ್ವರಯ್ಯ ನಾಲೆಯನ್ನು ನಂಬಿದ ಪಾಂಡವಪುರದವನಿಗೂ ನೀರು ಬರುತ್ತದೋ ಇಲ್ಲವೋ ಎಂದು ಆ ಅಂಕಿ ಹೇಳೀತು. ಹೊಲಕ್ಕೆ ಈಗ ನೀರು ಬೇಕೋ ಬೇಡವೋ ಎಂದು ಹೇಳಲಾರದು. ಅದನ್ನು ಬೇರಿನ ಬುಡದ ಮಣ್ಣನ್ನೇ ಕೇಳಬೇಕು. ಕೇಳುವ ವಿಧಾನ ಹಳೆಯದು, ಅಗ್ಗದ್ದು. ಹಸಿ ಮಣ್ಣನ್ನು ಮುಚ್ಚಳವಿರುವ ಡಬ್ಬಿಯಲ್ಲಿ ತಂದು ತೂಗಿ, 105 ಡಿಗ್ರಿ ಶಾಖದ ಓವನ್‌ನಲ್ಲಿ ಒಂದು ಹಗಲು ಒಂದು ರಾತ್ರಿ ಒಣಗಿಸಿ ಮತ್ತೆ ತೂಗುವುದು. 100 ಗ್ರಾಂ ಮಣ್ಣು 88ಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. ಹೋದ 12 ಗ್ರಾಂ ನೀರನ್ನು ಒಣತೂಕ 88ರಿಂದ ಭಾಗಿಸಬೇಕು, 100ರಿಂದಲ್ಲ (ಹೊಸಬರು ಎಡವುವುದು ಇಲ್ಲೇ). ತೇವಾಂಶ ಶೇ 13.6. ಒಂದು ಘನ ಸೆಂಟಿಮೀಟರ್ ಮಣ್ಣಿನ ಒಣತೂಕ 1.5 ಗ್ರಾಂ ಆದರೆ, ಮೇಲಿನ 30 ಸೆಂ.ಮೀ. ಮಣ್ಣಿನಲ್ಲಿ 61 ಮಿ.ಮೀ. ನೀರಿದೆ. ಅಷ್ಟೂ ಬೆಳೆಗೆ ದಕ್ಕದು. ಶೇ 8ಕ್ಕೆ ಗಿಡ ಬಾಡುವ ಮಣ್ಣಾದರೆ 36 ಮಿ.ಮೀ. ಮಣ್ಣಿನ ಪಾಲು, 25 ಬೆಳೆಯ ಪಾಲು. ದಿನಕ್ಕೆ 5 ಮಿ.ಮೀ. ಹೀರುವ ಬೆಳೆಗೆ ಅದು ಐದು ದಿನದ ಬುತ್ತಿ.

ಇಷ್ಟೆಲ್ಲ ಯಾಕೆ, ಮಣ್ಣು ಹಿಡಿದು ಉಂಡೆ ಕಟ್ಟಿದರೆ ಹದ ಗೊತ್ತಾಗುವುದಿಲ್ಲವೇ? ಗೊತ್ತಾಗುತ್ತದೆ, ಆ ಕೈಗೆ ಮತ್ತು ಆ ಹೊಲಕ್ಕೆ. ಗದ್ದೆಯ ಜಿಗುಟು ಮಣ್ಣಿನಲ್ಲಿ ಪಳಗಿದ ಕೈ ನಾಗಮಂಗಲದ ಕೆಂಪು ಮರಳುಮಣ್ಣಿನಲ್ಲಿ ಮೋಸಹೋಗುತ್ತದೆ. ಮರಳಿನಲ್ಲಿ ಬೆಳೆಗೆ ಸಾಲುವ ತೇವ ಜೇಡಿಯಲ್ಲಿ ಸಾಲದು. ನೀರು ನಿಲ್ಲಿಸುವ ಭತ್ತಕ್ಕೆ ಈ ಅಳತೆ ಹೆಚ್ಚು ಬೇಕಿಲ್ಲ, ಒಪ್ಪಿದೆ. ನಾಲೆಯ ನೀರು ಸರದಿಯ ಮೇಲೆ ಬರುವಲ್ಲಿ ರೈತನ ಆಯ್ಕೆಯೂ ಕಡಿಮೆ. ಆದರೆ ಕೆ.ಆರ್.ಪೇಟೆ, ನಾಗಮಂಗಲಗಳಲ್ಲಿ ಹೇಮಾವತಿ ನಾಲೆ ಮುಟ್ಟದ ಕಡೆ ಕೊಳವೆಬಾವಿಯೇ ಗತಿ, ಮೋಟಾರಿನ ಸ್ವಿಚ್ ರೈತನ ಕೈಯಲ್ಲೇ ಇದೆ. ಅಳತೆಗೆ ಹೆಚ್ಚು ಬೆಲೆ ಬರುವುದು ಅಲ್ಲಿ.

ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ತೇವ ದಿನದಿನಕ್ಕೂ ಬದಲಾಗುತ್ತದೆ, ವರದಿ ಬರುವಷ್ಟರಲ್ಲಿ ಹಳಸಿರುತ್ತದೆ. ನಿಜವೇ. 2015ರಲ್ಲಿ ಬಂದ ಮಣ್ಣು ಆರೋಗ್ಯ ಕಾರ್ಡಿನ 12 ಅಂಶಗಳಲ್ಲಿ ತೇವಕ್ಕೆ ಜಾಗವಿಲ್ಲದಿರುವುದನ್ನು ತಪ್ಪೆನ್ನಲಾಗದು. ಆದರೆ ಮಣ್ಣು ಬಸಿದು ನಿಂತಾಗ ಎಷ್ಟು ನೀರು ಹಿಡಿದಿಡುತ್ತದೆ, ಎಷ್ಟಕ್ಕೆ ಇಳಿದರೆ ಗಿಡ ಬಾಡುತ್ತದೆ ಎಂಬ ಎರಡು ಅಂಕಿಗಳು ಬೇಗ ಬದಲಾಗುವಂಥವಲ್ಲ. ಒಮ್ಮೆ ಪ್ರಯೋಗಾಲಯದಲ್ಲಿ ಅಳೆದರೆ ವರ್ಷಗಟ್ಟಲೆ ನಡೆಯುತ್ತವೆ. ಇವೆರಡನ್ನು ಕಾರ್ಡಿನಲ್ಲಿ ಬರೆದುಕೊಟ್ಟರೆ ಇಂದಿನ ತೇವವನ್ನು ಊರಿನಲ್ಲೇ, ಸೊಸೈಟಿಯಲ್ಲಿಟ್ಟ ಒಂದು ಓವನ್ ಮತ್ತು ತಕ್ಕಡಿಯಿಂದ ಅಳೆದುಕೊಳ್ಳಬಹುದು.